ಆಂಗ್ಲ ಅದ್ಭುತಕಥೆಗಳ ರೂಪಾಂತರ: ಚಲನಚಿತ್ರವೂ ಬ್ರಿಟಿಷ್ ಬಾನುಲಿ-ದೂರದರ್ಶನಗಳೂ

೧

ಇಪ್ಪತ್ತನೆಯ ಶತಮಾನದ ಆಂಗ್ಲ ಸಾಹಿತ್ಯದಲ್ಲಿ ಅದ್ಭುತಕಥೆಯು ಒಂದು ಪ್ರತ್ಯೇಕ ಪ್ರಕಾರವಾಗಿ ಬೆಳೆದು ನಿಂತಿತೆಂಬುದು ಸರ್ವವಿದಿತವಾದ ಸಂಗತಿ. ಜೆ. ಆರ್. ಆರ್. ಟೋಲ್ಕೀನ್, ಸಿ. ಎಸ್. ಲೂಯಿಸ್, ಸೂಸನ್ ಕೂಪರ್, ಫಿಲಿಪ್ ಪುಲ್ಮನ್ ಮೊದಲಾದವರು ಈ ಪ್ರಕಾರಕ್ಕೆ ಗಾಂಭೀರ್ಯವನ್ನೂ ವಿಸ್ತಾರವನ್ನೂ ತಂದುಕೊಟ್ಟರು. ಇವರ ಪ್ರಮುಖ ಕೃತಿಗಳು ಒಂದೇ ಸಂಪುಟದಲ್ಲಿ ಮುಗಿಯುವಂಥವಲ್ಲ; ಮೂರು, ಐದು, ಏಳು ಸಂಪುಟಗಳಲ್ಲಿ ಹರಡಿಕೊಂಡಿರುವ ಕಥಾಚಕ್ರಗಳು. ಮುಂದೆ ಬರುವ ವಿವೇಚನೆಗೆ ಈ ಅಂಶವು ಬಹು ಮುಖ್ಯವಾದುದಾದ ಕಾರಣ ಅದನ್ನು ಇಲ್ಲಿಯೇ ಸೂಚಿಸಿದ್ದೇವೆ.

ಈ ಕೃತಿಗಳು ಮುದ್ರಿತ ಪುಟದಿಂದ ಹೊರಬಂದು ಅನ್ಯ ಮಾಧ್ಯಮಗಳನ್ನು ಹೊಕ್ಕುದು ಮುಖ್ಯವಾಗಿ ಎರಡು ದಾರಿಗಳಲ್ಲಿ. ಒಂದು, ಬ್ರಿಟನ್ನಿನ ಬಾನುಲಿ ಮತ್ತು ದೂರದರ್ಶನಗಳ ದಾರಿ; ಇನ್ನೊಂದು, ಅಮೆರಿಕದ ಬಂಡವಾಳದಿಂದ ನಿರ್ಮಿತವಾದ ಭಾರಿ ವೆಚ್ಚದ ಚಲನಚಿತ್ರಗಳ ದಾರಿ. ಇವೆರಡನ್ನು ಹೋಲಿಸುವವರು ಸಾಮಾನ್ಯವಾಗಿ ಹೇಳುವ ಮಾತೊಂದುಂಟು. ಬಾನುಲಿಗೆ ಕಣ್ಣಿಲ್ಲ, ದೂರದರ್ಶನಕ್ಕೆ ಕಾಸಿಲ್ಲ. ಅದ್ಭುತವನ್ನು ಅದ್ಭುತವಾಗಿಯೇ ತೋರಿಸಬಲ್ಲ ಶಕ್ತಿ ಇರುವುದು ಚಲನಚಿತ್ರಕ್ಕೆ ಮಾತ್ರ. ಆದ್ದರಿಂದ ಮೊದಲಿನ ಎರಡೂ ಕೊನೆಯದಕ್ಕೆ ಪೀಠಿಕೆಗಳು ಎಂದು. ಈ ಅಭಿಪ್ರಾಯವು ಚರಿತ್ರೆಯ ಪರೀಕ್ಷೆಗೆ ನಿಲ್ಲುವುದೇ ಎಂಬುದನ್ನು ಪ್ರಕೃತ ಪ್ರಬಂಧದಲ್ಲಿ ವಿಚಾರಮಾಡಬೇಕೆಂದಿದ್ದೇವೆ. ದೃಶ್ಯದ ವೈಭವವೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಆ ಮಾತು ನಿಜ. ಆದರೆ ಕಥೆಯು ತನ್ನ ಕೊನೆಯನ್ನು ಮುಟ್ಟಿತೇ, ಮುಟ್ಟಿದ್ದರೆ ತನ್ನದೇ ಅಳತೆಯಲ್ಲಿ ಮುಟ್ಟಿತೇ ಎಂಬ ಪ್ರಶ್ನೆಯನ್ನು ಹಾಕಿದೊಡನೆ ಚಿತ್ರವು ಬೇರೆಯಾಗುತ್ತದೆ.

೨

ದೃಶ್ಯಕಾವ್ಯ, ಶ್ರವ್ಯಕಾವ್ಯ ಎಂಬ ವಿಭಾಗವು ನಮ್ಮ ಅಲಂಕಾರಶಾಸ್ತ್ರದಲ್ಲಿ ಪುರಾತನವಾದುದು. ಅದ್ಭುತವು ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಒಗ್ಗುತ್ತದೆ ಎಂಬ ವಿಷಯದಲ್ಲಿ ಆಂಗ್ಲ ಲೇಖಕರಿಗೆ ಸಂದೇಹವೇ ಇರಲಿಲ್ಲ. ೧೯೩೯ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ ಅದ್ಭುತಕಥೆಗಳನ್ನು ಕುರಿತು ಕೊಟ್ಟ ಉಪನ್ಯಾಸದ ವಿಷಯವನ್ನು ಬೆಳೆಸಿ ೧೯೪೭ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಟೋಲ್ಕೀನ್, ನಾಟಕವು ಅದ್ಭುತಕ್ಕೆ ಸ್ವಭಾವತಃ ವಿರೋಧಿಯೆಂದು ವಾದಿಸಿದನು. ರಂಗಭೂಮಿಯೇ ಒಂದು ಮಾಯೆ. ಅದರೊಳಗೆ ಇನ್ನೊಂದು ಮಾಯೆಯನ್ನು ಬೇಡುವುದು ಅತಿಯಾಯಿತು. ಅದ್ಭುತವು ಶಬ್ದಕ್ಕೇ ಮೀಸಲಾಗಿರುವುದು ಲೇಸು ಎಂಬುದು ಅವನ ನಿಲುವಿನ ಸಾರ.

ಲೂಯಿಸನ ನಿಲುವೂ ಇದಕ್ಕೆ ಸಮೀಪದ್ದೇ. ೧೯೫೯ರ ಡಿಸೆಂಬರಿನಲ್ಲಿ ಅವನು ಬಿಬಿಸಿಯ ನಿರ್ಮಾಪಕ ಲಾನ್ಸ್ ಸೀವ್‌ಕಿಂಗನಿಗೆ ಬರೆದ ಪತ್ರವೊಂದು ಈ ವಿಷಯದಲ್ಲಿ ಅಮೂಲ್ಯವಾದ ಆಧಾರ. ಸೀವ್‌ಕಿಂಗನು ಸಿದ್ಧಪಡಿಸಿದ್ದ ಬಾನುಲಿ ರೂಪಾಂತರಕ್ಕೆ ಲೂಯಿಸನ ಆಕ್ಷೇಪವಿರಲಿಲ್ಲ. ಆದರೆ ನಟರನ್ನಿಟ್ಟುಕೊಂಡು ನಾರ್ನಿಯಾ ಕಥೆಗಳನ್ನು ದೂರದರ್ಶನಕ್ಕೆ ತರುವುದನ್ನು ಅವನು ಖಂಡಿತವಾಗಿ ವಿರೋಧಿಸಿದನು. ಮಾತನಾಡುವ ಪ್ರಾಣಿಗಳು ಕಥನದಿಂದ ಹೊರಬಂದು ಕಣ್ಣಿಗೆ ಬಿದ್ದೊಡನೆ ಹಾಸ್ಯಾಸ್ಪದವಾಗುತ್ತವೆ ಎಂಬುದು ಅವನ ಭಯ. ದೈವಸ್ವರೂಪಿಯಾದ ಆಸ್ಲಾನ್ ಎಂಬ ಸಿಂಹವು ನಗೆಪಾಟಲಾಗುವುದು ಅವನಿಗೆ ಅಪಚಾರವೆಂದೇ ತೋರಿತ್ತು.

ಈ ಎರಡು ನಿಲುವುಗಳಿಂದ ನಮಗೆ ಸಿಗುವ ಸೂಚನೆಯಿಷ್ಟು. ಬಾನುಲಿಯಲ್ಲಿ ಬೆಂಕಿಯುಗುಳುವ ಘಟಸರ್ಪಕ್ಕೂ ಚಹಾದ ಬಟ್ಟಲಿಗೂ ತಗಲುವ ವೆಚ್ಚ ಹೆಚ್ಚುಕಡಮೆ ಒಂದೇ. ಎರಡನ್ನೂ ಕೇಳುವವನ ಮನಸ್ಸು ಕಟ್ಟಿಕೊಳ್ಳುತ್ತದೆ. ತೆರೆಯ ಮೇಲಾದರೋ ಅದ್ಭುತದ ಪ್ರತಿಯೊಂದು ಅಂಶಕ್ಕೂ ಬೆಲೆಯುಂಟು. ಈ ಬೆಲೆಯನ್ನು ತೆತ್ತವರು ಏನನ್ನು ಪಡೆದರು, ಏನನ್ನು ಕಳೆದುಕೊಂಡರು ಎಂಬುದನ್ನು ಮೂರು ಕಥಾಚಕ್ರಗಳ ಮೂಲಕ ನೋಡೋಣ.

೩

ಮೊದಲನೆಯದು ಟೋಲ್ಕೀನನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’. ಇದರ ಮೂರು ಸಂಪುಟಗಳು ೧೯೫೪-೫೫ರಲ್ಲಿ ಪ್ರಕಟವಾದವು. ಕೊನೆಯ ಸಂಪುಟವು ಹೊರಬಂದ ಕೆಲವೇ ವಾರಗಳಲ್ಲಿ, ೧೯೫೫ರ ನವೆಂಬರಿನಲ್ಲಿ, ಬಿಬಿಸಿಯ ಥರ್ಡ್ ಪ್ರೋಗ್ರಾಮ್ ಮೊದಲನೆಯ ಸಂಪುಟದ ಬಾನುಲಿ ರೂಪವನ್ನು ಪ್ರಸಾರಮಾಡಲಾರಂಭಿಸಿತು. ರೂಪಾಂತರಕಾರನು ಕವಿ ಟೆರೆನ್ಸ್ ಟಿಲ್ಲರ್. ಮೊದಲ ಸಂಪುಟಕ್ಕೆ ಮುಕ್ಕಾಲು ಗಂಟೆಯ ಆರು ಕಂತುಗಳು ದೊರೆತವು. ಮರುವರ್ಷ ಉಳಿದ ಎರಡು ಸಂಪುಟಗಳಿಗೆ ಸೇರಿ ದೊರೆತುದು ಅರ್ಧಗಂಟೆಯ ಆರು ಕಂತುಗಳು ಮಾತ್ರ. ಒಂದು ಸಂಪುಟಕ್ಕೆ ನಾಲ್ಕೂವರೆ ಗಂಟೆ, ಎರಡಕ್ಕೆ ಮೂರು ಗಂಟೆ! ಟೋಲ್ಕೀನನಿಗೆ ಈ ರೂಪಾಂತರವು ಹಿಡಿಸಲಿಲ್ಲ; ತನ್ನ ಗ್ರಂಥವು ನಾಟಕೀಕರಣಕ್ಕೆ ತಕ್ಕುದಲ್ಲವೆಂದೇ ಅವನು ಭಾವಿಸಿದನು. ಬಾನುಲಿಯೆಂದ ಮಾತ್ರಕ್ಕೆ ಕೃತಿಗೆ ನ್ಯಾಯ ಸಿಕ್ಕಿತೆಂದು ಹೇಳಲಾಗದು ಎಂಬುದಕ್ಕೆ ಇದು ಮೊದಲ ನಿದರ್ಶನ.

ಚಲನಚಿತ್ರದ ಪ್ರಯತ್ನವೂ ಅದೇ ದಶಕದಲ್ಲಿ ನಡೆಯಿತು. ಅಮೆರಿಕದಿಂದ ಬಂದ ಕಥಾಸಾರವೊಂದನ್ನು ೧೯೫೮ರಲ್ಲಿ ಟೋಲ್ಕೀನ್ ಪಂಕ್ತಿಪಂಕ್ತಿಯಾಗಿ ವಿಮರ್ಶಿಸಿದನು. ಆತನ ದೂರುಗಳಲ್ಲಿ ಎರಡು ಗಮನಾರ್ಹವಾದುವು: ಕಥೆಯ ಕಾಲವನ್ನು ಕುಗ್ಗಿಸಲಾಗಿದೆ, ಕಾದಾಟದ ಪ್ರಸಂಗಗಳಿಗೆ ಅನಗತ್ಯವಾದ ಪ್ರಾಧಾನ್ಯವನ್ನು ಕೊಡಲಾಗಿದೆ. ಆ ಚಿತ್ರವು ನಿರ್ಮಾಣವಾಗಲಿಲ್ಲ. ಆದರೆ ಮುಂದಿನ ಅರ್ಧ ಶತಮಾನದ ಚಿತ್ರಗಳ ಮೇಲೆ ಬಂದ ಆಕ್ಷೇಪಗಳ ಬೀಜಗಳೆಲ್ಲ ಈ ಎರಡು ದೂರುಗಳಲ್ಲಿ ಅಡಗಿವೆಯೆಂದು ಹೇಳಬಹುದು. ೧೯೭೮ರಲ್ಲಿ ರಾಲ್ಫ್ ಬಕ್ಷಿಯು ನಿರ್ದೇಶಿಸಿದ ಲೇಖಿತ ಚಿತ್ರವು ತೆರೆಗೆ ಬಂದಿತಷ್ಟೆ. ಅದು ಕಥೆಯ ಸುಮಾರು ಅರ್ಧಕ್ಕೆ ನಿಂತಿತು. ಉತ್ತರಾರ್ಧವು ಬರಲೇ ಇಲ್ಲ. ಉಂಗುರವನ್ನು ನಾಶಮಾಡಲೆಂದು ಹೊರಟವನು ಆ ಚಿತ್ರದಲ್ಲಿ ಇಂದಿಗೂ ದಾರಿಯಲ್ಲಿಯೇ ಇದ್ದಾನೆ.

ಮೂರು ವರ್ಷಗಳ ಬಳಿಕ, ೧೯೮೧ರ ಮಾರ್ಚಿನಿಂದ ಆಗಸ್ಟಿನ ವರೆಗೆ, ಬಿಬಿಸಿಯ ರೇಡಿಯೋ ಫೋರ್ ಇದೇ ಕೃತಿಯನ್ನು ಅರ್ಧಗಂಟೆಯ ೨೬ ಕಂತುಗಳಲ್ಲಿ ಪ್ರಸಾರಮಾಡಿತು. ಬ್ರಯನ್ ಸಿಬ್ಲಿ ಮತ್ತು ಮೈಕೇಲ್ ಬೇಕ್‌ವೆಲ್ ಇದನ್ನು ರೂಪಾಂತರಿಸಿದರು. ಇಯನ್ ಹೋಮ್ ಫ್ರೋಡೋನ ಪಾತ್ರವನ್ನೂ, ಮೈಕೇಲ್ ಹಾರ್ಡರ್ನ್ ಗ್ಯಾಂಡಾಲ್ಫನ ಪಾತ್ರವನ್ನೂ ವಹಿಸಿದ್ದರು. ಸ್ಟೀಫನ್ ಆಲಿವರ್ ಸಂಗೀತವನ್ನು ಒದಗಿಸಿದನು. ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಕಥನಕಾರನ ಧ್ವನಿಯು ಆದ್ಯಂತವಾಗಿ ಉಳಿದುಕೊಂಡಿತು. ಕವಿತೆಗಳು ಹಾಡುಗಳಾಗಿ ಉಳಿದವು. ಯುದ್ಧ ಮುಗಿದು ಮನೆಗೆ ಮರಳಿದವರು ತಮ್ಮ ಊರೇ ಹಾಳಾಗಿರುವುದನ್ನು ಕಂಡು ಅದನ್ನು ಸರಿಪಡಿಸುವ ಶೈರ್‌ನ ಅಧ್ಯಾಯವು, ಸಂಕ್ಷೇಪವಾಗಿಯಾದರೂ, ಉಳಿಯಿತು. ಈ ಅಧ್ಯಾಯವನ್ನು ತಾನು ಮೊದಲಿನಿಂದಲೂ ಕಥೆಯ ಅಂಗವೆಂದು ಭಾವಿಸಿದ್ದುದಾಗಿ ಟೋಲ್ಕೀನನೇ ಹೇಳಿದ್ದಾನೆ. ಮಹಾಯುದ್ಧದಲ್ಲಿ ಗೆದ್ದವನಿಗೂ ಮನೆಯು ಹಳೆಯ ಮನೆಯಾಗಿ ಉಳಿಯುವುದಿಲ್ಲವೆಂಬುದು ಅದರ ತಾತ್ಪರ್ಯ.

ಪೀಟರ್ ಜ್ಯಾಕ್ಸನನ ಮೂರು ಚಿತ್ರಗಳು ೨೦೦೧, ೨೦೦೨ ಮತ್ತು ೨೦೦೩ರಲ್ಲಿ ಬಿಡುಗಡೆಯಾದವು. ಒಟ್ಟು ವೆಚ್ಚ ಸುಮಾರು ೨೮ ಕೋಟಿ ಡಾಲರು. ಒಟ್ಟು ಅವಧಿ ಒಂಬತ್ತು ಗಂಟೆಗೂ ಮಿಗಿಲು. ನ್ಯೂಜಿಲೆಂಡಿನ ಬೆಟ್ಟಕಣಿವೆಗಳು ಕಥೆಗೆ ಕೊಟ್ಟ ನೆಲದ ನಂಬಿಕೆಯನ್ನು ಯಾವ ಸ್ಟುಡಿಯೋದ ಶಬ್ದವೂ ಕೊಡಲಾರದು. ಇದನ್ನು ನಾವು ನಿಸ್ಸಂಕೋಚವಾಗಿ ಒಪ್ಪಿಕೊಳ್ಳಬೇಕು. ಮೂರನೆಯ ಚಿತ್ರಕ್ಕೆ ೧೧ ಆಸ್ಕರ್ ಪ್ರಶಸ್ತಿಗಳು ಸಂದವು. ಆದರೂ ಶೈರ್‌ನ ಆ ಅಧ್ಯಾಯವನ್ನು ಚಿತ್ರವು ಕೈಬಿಟ್ಟಿತು. ೧೯೮೧ರಲ್ಲಿ ಫ್ರೋಡೋ ಆಗಿದ್ದ ಇಯನ್ ಹೋಮನೇ ಇಲ್ಲಿ ಮುದುಕ ಬಿಲ್ಬೋ ಆಗಿ ಕಾಣಿಸಿಕೊಂಡುದು ಎರಡು ರೂಪಾಂತರಗಳ ನಡುವಣ ಕೊಂಡಿಯಂತಿದೆ.

ಜ್ಯಾಕ್ಸನನ ಚಿತ್ರಗಳು ಪೂರ್ಣವಾದುದು ಹೇಗೆ? ಇದರ ಉತ್ತರವು ಕಲೆಯಲ್ಲಿಲ್ಲ, ವ್ಯವಹಾರದ ಒಂದು ನಿರ್ಧಾರದಲ್ಲಿದೆ. ಮೊದಲು ಮುಂದೆ ಬಂದಿದ್ದ ಮಿರಾಮ್ಯಾಕ್ಸ್ ಸಂಸ್ಥೆಯು ಎರಡು ಚಿತ್ರಗಳ ಯೋಜನೆಯನ್ನು ಒಂದಕ್ಕೆ ಇಳಿಸಬೇಕೆಂದಿತು. ನ್ಯೂ ಲೈನ್ ಸಂಸ್ಥೆಯು ಮೂರು ಚಿತ್ರಗಳಿಗೆ ಒಮ್ಮೆಗೇ ಒಪ್ಪಿತು. ೧೯೯೯ರ ಅಕ್ಟೋಬರಿನಿಂದ ೨೦೦೦ದ ಡಿಸೆಂಬರಿನ ವರೆಗೆ ಮೂರರ ಮುಖ್ಯ ಚಿತ್ರೀಕರಣವೂ ಒಟ್ಟಾಗಿಯೇ ನಡೆಯಿತು. ಮೊದಲ ಚಿತ್ರಕ್ಕೆ ಎಷ್ಟು ಜನ ಬಂದರೆಂದು ತಿಳಿಯುವ ಮೊದಲೇ ಕೊನೆಯ ಚಿತ್ರದ ಬಹುಭಾಗ ಸಿದ್ಧವಾಗಿತ್ತು. ಈ ಧೈರ್ಯವು ಚಲನಚಿತ್ರದ ಚರಿತ್ರೆಯಲ್ಲಿ ಅಪವಾದವೇ ಹೊರತು ನಿಯಮವಲ್ಲ.

೪

ನಿಯಮವು ಯಾವುದೆಂಬುದನ್ನು ಲೂಯಿಸನ ನಾರ್ನಿಯಾ ಕಥೆಗಳಿಂದ ತಿಳಿಯಬಹುದು. ೧೯೫೦ರಿಂದ ೧೯೫೬ರ ವರೆಗೆ ಪ್ರಕಟವಾದ ಈ ಕಥೆಗಳು ಒಟ್ಟು ಏಳು. ಬಿಬಿಸಿ ದೂರದರ್ಶನವು ೧೯೮೮ರಿಂದ ೧೯೯೦ರ ವರೆಗೆ ಇವುಗಳಲ್ಲಿ ನಾಲ್ಕನ್ನು ಧಾರಾವಾಹಿಗಳಾಗಿ ನಿರ್ಮಿಸಿತು. ಇಲ್ಲಿ ಬೀವರ್ ಪ್ರಾಣಿಗಳೆಂದರೆ ವೇಷ ತೊಟ್ಟ ನಟರು. ಆಸ್ಲಾನ್ ಎಂದರೆ ಒಳಗಿನಿಂದ ಆಡಿಸುವ ದೊಡ್ಡದೊಂದು ಬೊಂಬೆ. ೧೯೫೯ರಲ್ಲಿ ಲೂಯಿಸನು ಯಾವುದಕ್ಕೆ ಹೆದರಿದ್ದನೋ ಅದರ ಒಂದಂಶವು ಇಲ್ಲಿ ಕಣ್ಣಿಗೆ ಕಾಣುವಂತೆಯೇ ನಡೆಯಿತು. ‘ಪ್ರಿನ್ಸ್ ಕ್ಯಾಸ್ಪಿಯನ್’ ಕಥೆಯನ್ನು ಎರಡೇ ಕಂತುಗಳಿಗೆ ಅದುಮಿದುದು ಇನ್ನೊಂದು ದೋಷ. ಆದರೂ ಕಥೆಯ ಅನುಕ್ರಮವನ್ನೂ ಸಂಭಾಷಣೆಯನ್ನೂ ಆದಷ್ಟು ಮೂಲಕ್ಕೆ ಹತ್ತಿರವಾಗಿ ಇಟ್ಟುಕೊಂಡುದರಿಂದ ಒಂದು ತಲೆಮಾರಿನ ಬ್ರಿಟಿಷ್ ಮಕ್ಕಳಿಗೆ ನಾರ್ನಿಯಾ ಎಂದರೆ ಈ ಧಾರಾವಾಹಿಗಳೇ ಆದವು.

೨೦೦೫ರಲ್ಲಿ ಆಂಡ್ರ್ಯೂ ಆಡಮ್‌ಸನ್ ನಿರ್ದೇಶಿಸಿದ ಮೊದಲ ಚಿತ್ರಕ್ಕೆ ಸುಮಾರು ೧೮ ಕೋಟಿ ಡಾಲರು ತಗುಲಿತು. ಗಣಕಯಂತ್ರದ ಸಹಾಯದಿಂದ ರೂಪಿಸಿದ ಇಲ್ಲಿನ ಸಿಂಹವನ್ನು ನೋಡಿ ಯಾರೂ ನಗಲಾರರು. ಲೂಯಿಸನ ಆಕ್ಷೇಪಕ್ಕೆ ಹಣವು ತಕ್ಕ ಸಮಾಧಾನವನ್ನೇ ಕೊಟ್ಟಿತೆನ್ನಬೇಕು. ಆದರೆ ಅದೇ ಹಣವು ಇನ್ನೊಂದನ್ನು ಬೇಡಿತು. ಮೂಲದಲ್ಲಿ ಕೊನೆಯ ಯುದ್ಧಕ್ಕೆ ಮೀಸಲಾದುದು ಅತ್ಯಲ್ಪ ಸ್ಥಳ. ಆಸ್ಲಾನನೊಡನೆ ಹುಡುಗಿಯರು ರಣರಂಗಕ್ಕೆ ಬರುವ ಹೊತ್ತಿಗೆ ಯುದ್ಧವು ಮುಗಿಯುತ್ತ ಬಂದಿರುತ್ತದೆ. ಚಿತ್ರದಲ್ಲಿಯಾದರೋ ಅದು ಪರಾಕಾಷ್ಠೆಯ ಮಹಾದೃಶ್ಯವಾಯಿತು. ಲೂಯಿಸನ ಕಥೆಯ ಪರಾಕಾಷ್ಠೆಯು ಶಿಲಾವೇದಿಕೆಯ ಮೇಲಿನ ಮರಣದಲ್ಲಿಯೂ ಮರುದಿನದ ಬೆಳಗಿನಲ್ಲಿಯೂ ಇದೆ. ಚಿತ್ರದ ಭಾರವು ರಣರಂಗಕ್ಕೆ ವಾಲಿತು. ಟೋಲ್ಕೀನ್ ೧೯೫೮ರಲ್ಲಿ ಹೇಳಿದ್ದ ದೂರು ಅವನ ಮಿತ್ರನ ಕೃತಿಯಲ್ಲಿ ಹೀಗೆ ಸತ್ಯವಾಯಿತು.

ಈ ಮಾಲೆಯು ಮುಂದುವರಿದ ಬಗೆಯೂ ಬೋಧಪ್ರದವಾದುದು. ೨೦೦೮ರ ‘ಪ್ರಿನ್ಸ್ ಕ್ಯಾಸ್ಪಿಯನ್’ ಚಿತ್ರಕ್ಕೆ ಸುಮಾರು ೨೨ ಕೋಟಿ ಡಾಲರು ವೆಚ್ಚವಾಯಿತು. ಗಳಿಕೆಯು ಮೊದಲನೆಯದಕ್ಕಿಂತ ಬಹಳ ಕಡಮೆಯಾಯಿತು. ಡಿಸ್ನಿ ಸಂಸ್ಥೆಯು ಹಿಂದೆ ಸರಿಯಿತು; ಬೇರೊಂದು ಸಂಸ್ಥೆಯ ನೆರವಿನಿಂದ ೨೦೧೦ರಲ್ಲಿ ಮೂರನೆಯ ಚಿತ್ರವು ಬಂದಿತು; ಅಲ್ಲಿಗೆ ಆ ಮಾಲೆ ನಿಂತಿತು. ಬಿಬಿಸಿ ಬಾನುಲಿಯಾದರೋ ಸಿಬ್ಲಿಯ ರೂಪಾಂತರದಲ್ಲಿ ಕಳೆದ ಶತಮಾನದ ಕೊನೆಯ ದಶಕಗಳಲ್ಲಿಯೇ ಏಳೂ ಕಥೆಗಳನ್ನು ಪ್ರಸಾರಮಾಡಿ ಮುಗಿಸಿತ್ತು. ಬಾನುಲಿ ಏಳು, ದೂರದರ್ಶನ ನಾಲ್ಕು, ಚಲನಚಿತ್ರ ಮೂರು: ವೆಚ್ಚವು ಏರಿದಂತೆ ಪಯಣವು ಮೊಟಕಾಗುತ್ತ ಬಂದಿದೆ. ಈ ಮೂರು ಸಂಖ್ಯೆಗಳು ನಮ್ಮ ವಿಚಾರದ ತಿರುಳನ್ನು ಸೂಚಿಸುತ್ತವೆ.

೫

ಕಥೆಯು ನಡುವೆ ನಿಂತರೆ ಹಾನಿಯೇನು, ಇದ್ದಷ್ಟನ್ನು ಸವಿಯಬಾರದೇ ಎಂದು ಕೇಳಬಹುದು. ಇದಕ್ಕೆ ಉತ್ತರವನ್ನು ಪುಲ್ಮನ್ನನ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಒದಗಿಸುತ್ತದೆ. ಇದರ ಮೂರು ಸಂಪುಟಗಳು ೧೯೯೫, ೧೯೯೭ ಮತ್ತು ೨೦೦೦ದಲ್ಲಿ ಪ್ರಕಟವಾದವು. ಮೊದಲ ಸಂಪುಟದ ಕೊನೆಯಲ್ಲಿ ಲೈರಾ ಎಂಬ ಬಾಲಿಕೆಯು ತನ್ನ ಗೆಳೆಯ ರೋಜರನನ್ನು ಕಾಪಾಡಿ ಕರೆತಂದೆನೆಂದು ನಂಬಿರುತ್ತಾಳೆ. ಆದರೆ ಆಕೆಯ ತಂದೆಯೇ ಲೋಕಾಂತರಕ್ಕೆ ದಾರಿಯನ್ನು ತೆರೆಯಲು ಆ ಹುಡುಗನನ್ನು ಬಲಿಕೊಡುತ್ತಾನೆ. ಮುಂದಿನ ಎರಡು ಸಂಪುಟಗಳ ನೈತಿಕ ಭಾರವೆಲ್ಲವೂ ಈ ಮರಣದ ಮೇಲೆ ನಿಂತಿದೆ.

೨೦೦೩ರ ಜನವರಿಯಲ್ಲಿ ರೇಡಿಯೋ ಫೋರ್ ಮೂರು ಸಂಪುಟಗಳನ್ನೂ ಮೂರು ದೀರ್ಘ ನಾಟಕಗಳಾಗಿ ಪ್ರಸಾರಮಾಡಿತು. ೨೦೦೭ರಲ್ಲಿ ಕ್ರಿಸ್ ವೈಟ್ಸ್ ನಿರ್ದೇಶಿಸಿದ ‘ದಿ ಗೋಲ್ಡನ್ ಕಂಪಸ್’ ಚಿತ್ರವು ಸುಮಾರು ೧೮ ಕೋಟಿ ಡಾಲರು ವೆಚ್ಚದಲ್ಲಿ ಸಿದ್ಧವಾಯಿತು. ರೋಜರನ ಮರಣದ ಭಾಗವನ್ನು ಚಿತ್ರೀಕರಿಸಿದ್ದೂ ಉಂಟು. ಆದರೆ ಪ್ರೇಕ್ಷಕರು ಭರವಸೆಯ ಭಾವದಿಂದ ಹೊರಬರಬೇಕೆಂಬ ಕಾರಣದಿಂದ ಅದನ್ನು ಮುಂದಿನ ಚಿತ್ರಕ್ಕೆಂದು ಎತ್ತಿಡಲಾಯಿತು. ಆ ಮುಂದಿನ ಚಿತ್ರವು ಬರಲಿಲ್ಲ. ಅಮೆರಿಕದಲ್ಲಿ ಗಳಿಕೆಯು ಸುಮಾರು ೭ ಕೋಟಿ ಡಾಲರಿಗೆ ನಿಂತಿತು. ಹೊರದೇಶಗಳಲ್ಲಿ ಚಿತ್ರವು ಚೆನ್ನಾಗಿಯೇ ಓಡಿತಾದರೂ ಅಲ್ಲಿಯ ಹಕ್ಕುಗಳನ್ನು ನ್ಯೂ ಲೈನ್ ಮೊದಲೇ ಮಾರಿಬಿಟ್ಟಿತ್ತು. ೨೦೦೮ರಲ್ಲಿ ಆ ಸಂಸ್ಥೆಯೇ ವಾರ್ನರ್ ಬ್ರದರ್ಸಿನ ಒಳಗೆ ಸೇರಿಹೋಯಿತು. ಟೋಲ್ಕೀನನ ಮೂರು ಸಂಪುಟಗಳನ್ನು ಪೂರ್ಣಗೊಳಿಸಿದ ಸಂಸ್ಥೆಯೇ ಪುಲ್ಮನ್ನನ ಮೂರು ಸಂಪುಟಗಳನ್ನು ಮೊದಲನೆಯದರಲ್ಲಿಯೇ ನಿಲ್ಲಿಸಬೇಕಾಯಿತು.

ಇದರ ಪರಿಣಾಮವು ಅರ್ಧ ಕಥೆಯಲ್ಲ, ಬೇರೆಯೇ ಕಥೆ. ಆ ಚಿತ್ರದಲ್ಲಿ ರೋಜರನು ಬದುಕಿದ್ದಾನೆ, ಲೈರಾ ಗೆದ್ದಿದ್ದಾಳೆ, ಯಾರೂ ಯಾವ ಬೆಲೆಯನ್ನೂ ತೆತ್ತಿಲ್ಲ. ಪುಲ್ಮನ್ ಬರೆದುದಕ್ಕೆ ಇದು ವಿರುದ್ಧವಾದ ಅರ್ಥ. ಬಿಬಿಸಿಯು ಅಮೆರಿಕದ ಎಚ್‌ಬಿಒ ಸಂಸ್ಥೆಯೊಡನೆ ಸೇರಿ ೨೦೧೯ರಿಂದ ೨೦೨೨ರ ವರೆಗೆ ಹೊರತಂದ ೨೩ ಕಂತುಗಳ ದೂರದರ್ಶನ ಮಾಲೆಯು, ಜ್ಯಾಕ್ ಥಾರ್ನನ ಲೇಖನದಲ್ಲಿ, ಆ ಮರಣವನ್ನು ಅದರ ಸ್ಥಾನದಲ್ಲಿಯೇ ಇಟ್ಟು ಮೂರು ಸಂಪುಟಗಳನ್ನೂ ಮುಗಿಸಿತು. ಈ ಮಾಲೆಯು ಅಗ್ಗದ್ದೇನೂ ಅಲ್ಲ. ಹೀಗಿರುವಲ್ಲಿ ಹಣವೇ ದೋಷವೆಂದು ಹೇಳುವುದು ನ್ಯಾಯವಾಗದು. ಆ ಹಣಕ್ಕೆ ಪ್ರತಿಯಾಗಿ ಮೊದಲ ಎರಡು ಗಂಟೆಗಳಲ್ಲಿಯೇ ಎಲ್ಲವನ್ನೂ ಗೆದ್ದುಕೊಳ್ಳಬೇಕೆಂಬ ನಿರ್ಬಂಧವು ದೋಷದ ಮೂಲ.

೬

ಕಾಲಾವಕಾಶವೊಂದಿದ್ದರೆ ಸಾಕು ಎಂದೂ ಇದರಿಂದ ತೀರ್ಮಾನಿಸಬಾರದು. ಟೋಲ್ಕೀನನ ‘ದಿ ಹಾಬಿಟ್’ ೧೯೩೭ರಲ್ಲಿ ಮಕ್ಕಳಿಗಾಗಿ ಬಂದ ಒಂದೇ ಸಂಪುಟದ ಕಥೆ. ೧೯೬೮ರಲ್ಲಿ ಬಿಬಿಸಿ ಬಾನುಲಿಯು ಇದನ್ನು ಎಂಟು ಕಂತುಗಳಲ್ಲಿ ಹೇಳಿ ಮುಗಿಸಿತು. ಜ್ಯಾಕ್ಸನ್ ಇದನ್ನು ಮೊದಲು ಎರಡು ಚಿತ್ರಗಳೆಂದು ಯೋಜಿಸಿ, ೨೦೧೨ರಲ್ಲಿ ಮೂರಾಗಿ ವಿಂಗಡಿಸಿದನು. ೨೦೧೨ರಿಂದ ೨೦೧೪ರ ವರೆಗೆ ಬಿಡುಗಡೆಯಾದ ಈ ಚಿತ್ರಗಳ ಒಟ್ಟು ಅವಧಿ ಎಂಟು ಗಂಟೆಗೆ ಹತ್ತಿರ. ಸಣ್ಣ ಕಥೆಯು ಮಹಾಕಾವ್ಯದ ಭಾರವನ್ನು ಹೊರಲಾರದೆ ತತ್ತರಿಸಿತು. ಮೂಲದಲ್ಲಿ ನಾಯಕನು ಪ್ರಜ್ಞೆತಪ್ಪಿ ಬಿದ್ದಿದ್ದರಿಂದ ಕಾಣದೆ ಹೋದ ಯುದ್ಧಭಾಗವು ಇಲ್ಲಿ ಮೂರನೆಯ ಚಿತ್ರದ ಬಹುಭಾಗವನ್ನು ಆಕ್ರಮಿಸಿತು. ಪುಲ್ಮನ್ನನಲ್ಲಿ ಕತ್ತರಿ, ಟೋಲ್ಕೀನನಲ್ಲಿ ಹಿಗ್ಗುವಿಕೆ. ವ್ಯಾಧಿಗಳು ಎರಡಾದರೂ ಕಾರಣ ಒಂದೇ. ಅಳತೆಗೋಲು ಕೃತಿಯ ಹೊರಗಿದೆ.

ಸೂಸನ್ ಕೂಪರಳ ‘ದಿ ಡಾರ್ಕ್ ಈಸ್ ರೈಸಿಂಗ್’ ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. ೨೦೦೭ರ ಚಿತ್ರವು ಹನ್ನೊಂದನೆಯ ಹುಟ್ಟುಹಬ್ಬದ ಆಂಗ್ಲ ಬಾಲಕನನ್ನು ಹದಿಹರೆಯದ ಅಮೆರಿಕನ್ ಹುಡುಗನನ್ನಾಗಿ ಮಾಡಿತು. ಐದು ಸಂಪುಟಗಳ ಮಾಲೆಯಲ್ಲಿ ಎರಡನೆಯ ಚಿತ್ರವು ಬರಲಿಲ್ಲ. ಕಥೆಯು ಆರಂಭವಾಗುವುದು ಡಿಸೆಂಬರ್ ೨೦ರಂದು. ೨೦೨೨ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ತನ್ನ ಹನ್ನೆರಡು ಕಂತುಗಳ ರೂಪಾಂತರವನ್ನು ಅದೇ ದಿನದಂದು ಪ್ರಾರಂಭಿಸಿತು. ಇದೂ ಒಂದೇ ಸಂಪುಟದ ರೂಪಾಂತರವೆಂಬುದು ನಿಜ. ಆದರೆ ಆ ಚಳಿಗಾಲದ ಕತ್ತಲೆಯನ್ನು ಅದರ ಕಾಲದಲ್ಲಿಯೇ ಕೇಳಿಸಬೇಕೆಂಬ ವಿವೇಕವು ಕೃತಿಯ ಒಳಗಿನಿಂದಲೇ ಬಂದುದು.

೭

ಈ ವ್ಯತ್ಯಾಸಕ್ಕೆ ಕಾರಣವನ್ನು ಸಂಸ್ಥೆಗಳ ರಚನೆಯಲ್ಲಿ ಹುಡುಕಬೇಕಾಗಿದೆ. ೧೯೨೨ರಲ್ಲಿ ಸ್ಥಾಪಿತವಾದ ಬಿಬಿಸಿಯು ಸ್ವದೇಶದಲ್ಲಿ ಕೇಳುಗರ, ನೋಡುಗರ ಪರವಾನೆ ಶುಲ್ಕವನ್ನು ಆಧರಿಸಿ ಬೆಳೆಯಿತು. ಒಂದು ಧಾರಾವಾಹಿಯ ಮೊದಲ ಕಂತು ಜನಪ್ರಿಯವಾಗದಿದ್ದರೂ ಕೊನೆಯ ಕಂತು ಪ್ರಸಾರವಾಗುವುದಕ್ಕೆ ಇದರಿಂದ ಅಡ್ಡಿಯಿರಲಿಲ್ಲ. ವಾರವಾರವೂ ಮುಂದುವರಿಯುವ ಕ್ರಮವು ಸಂಪುಟಗಳಲ್ಲಿ ಹರಡಿದ ಕಥೆಗೆ ತಾನಾಗಿಯೇ ಒಪ್ಪಿತು. ಭಾರಿ ಚಲನಚಿತ್ರವು ಪ್ರತಿಬಾರಿಯೂ ಜಗತ್ತಿನ ಎಲ್ಲ ಮಾರುಕಟ್ಟೆಗಳಿಂದ ಅಪ್ಪಣೆಯನ್ನು ಪಡೆಯಬೇಕು. ಆ ಅಪ್ಪಣೆಯು ದೊರೆಯದಿದ್ದಲ್ಲಿ ಕಥೆಯು ನಿಂತಲ್ಲಿಯೇ ನಿಲ್ಲುತ್ತದೆ.

ಇದರ ಎದುರು ಬದಿಯನ್ನೂ ಹೇಳದಿದ್ದರೆ ಚರಿತ್ರಕಾರನ ಕರ್ತವ್ಯವು ಪೂರ್ತಿಯಾಗದು. ಮುಗಿಸಿದವರು ಉಳಿಸಲಿಲ್ಲ. ಟಿಲ್ಲರನ ೧೯೫೫-೫೬ರ ಪ್ರಸಾರದ ಧ್ವನಿಮುದ್ರಣವು ಇಂದು ಲಭ್ಯವಿಲ್ಲ. ನಾಟಕದ ಲಿಖಿತ ಪ್ರತಿಗಳು ಮಾತ್ರ ಬಿಬಿಸಿಯ ದಫ್ತರದಲ್ಲಿ ದೊರೆತಿವೆ. ೧೯೬೭ರಲ್ಲಿ ಬ್ರಿಟನ್ನಿನ ವಾಣಿಜ್ಯ ದೂರದರ್ಶನವು ನಿರ್ಮಿಸಿದ ಮೊತ್ತಮೊದಲ ನಾರ್ನಿಯಾ ಧಾರಾವಾಹಿಯ ಬಹುಭಾಗವೂ ನಷ್ಟವಾಗಿದೆ. ಅಗ್ಗವಾಗಿ ಹುಟ್ಟಿದುದನ್ನು ಅಗ್ಗವಾಗಿಯೇ ಕಳೆದರು. ಚಲನಚಿತ್ರವು ಅಪೂರ್ಣವಾಗಿದ್ದರೂ ಉಳಿಯುತ್ತದೆ. ಬಾನುಲಿಯು ಪೂರ್ಣವಾಗಿದ್ದರೂ ಅಳಿಯಬಹುದು. ಬಾನುಲಿ-ದೂರದರ್ಶನಗಳು ಕೇವಲ ಪೀಠಿಕೆಗಳೆಂಬ ಸಾಮಾನ್ಯಾಭಿಪ್ರಾಯವು ಬೇರೂರಲು ಈ ನಷ್ಟವೂ ಒಂದು ಕಾರಣವೆಂದು ನಮಗೆ ತೋರುತ್ತದೆ. ಕಣ್ಣೆದುರು ಇರುವುದೇ ಪ್ರಮಾಣವಾಗುತ್ತದೆ. ಕಳೆದುಹೋದುದರ ಪರವಾಗಿ ಸಾಕ್ಷಿ ಹೇಳುವವರಿಲ್ಲ.

ಒಟ್ಟಿನಲ್ಲಿ ನಮ್ಮ ವಿಚಾರದ ಫಲಿತಾಂಶವನ್ನು ಹೀಗೆ ಸಂಗ್ರಹಿಸಬಹುದು. ಅದ್ಭುತವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಶಕ್ತಿಯಲ್ಲಿ ಭಾರಿ ಚಲನಚಿತ್ರಕ್ಕೆ ಸಮಾನವಾದುದಿಲ್ಲ. ಲೂಯಿಸನ ಭಯಕ್ಕೆ ಪರಿಹಾರ ದೊರೆತುದು ಅಲ್ಲಿಯೇ. ಆದರೆ ದೀರ್ಘ ಕಥಾಚಕ್ರವನ್ನು ಅದರ ದುಃಖದೊಡನೆ, ಅದರ ಕೊನೆಯ ವರೆಗೆ ಕೊಂಡೊಯ್ದವರು ಹೆಚ್ಚಾಗಿ ಬ್ರಿಟನ್ನಿನ ಬಾನುಲಿಯವರೂ ದೂರದರ್ಶನದವರೂ. ಜ್ಯಾಕ್ಸನನ ಮೊದಲ ಮೂರು ಚಿತ್ರಗಳು ಈ ಸಾಲಿಗೆ ಸೇರಿದುದು ಕೊನೆಯನ್ನು ಮೊದಲೇ ಒಪ್ಪಿಕೊಂಡು ಹೊರಟ ಕಾರಣದಿಂದ. ಈಚಿನ ವರ್ಷಗಳಲ್ಲಿ ಭಾರಿ ವೆಚ್ಚವೇ ಧಾರಾವಾಹಿಯ ಕಡೆಗೆ ಹರಿಯುತ್ತಿರುವುದರಿಂದ ಈ ಎರಡು ದಾರಿಗಳ ನಡುವಣ ಗಡಿಯು ಮಸುಕಾಗುತ್ತಿದೆ. ಮುಂದೆ ಯಾವ ರೂಪಾಂತರವನ್ನು ತೂಗಬೇಕಾದರೂ, ಎಷ್ಟು ವೆಚ್ಚವಾಯಿತು ಎಂಬುದಕ್ಕಿಂತ ಕೊನೆಯ ಅಧ್ಯಾಯವು ಏನಾಯಿತು ಎಂದು ಮೊದಲು ಕೇಳುವುದು ಉಚಿತವೆನಿಸುತ್ತದೆ.